ಬಸ್ ಫ್ರೀ ಇದೆ, ಆದರೆ ನಿಲ್ಲಬೇಕಲ್ಲ?

ಈ ಸಲ ಒಂದೇ ಪತ್ರಕ್ಕೆ ಉದ್ದದ ಉತ್ತರ. ಬರೆದವರು ಒಬ್ಬ ತಾಯಿ. ಊರ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮಗಳು ಒಂಬತ್ತನೇ ಕ್ಲಾಸು, ಮಗ ಎಂಟು. ಹೈಸ್ಕೂಲು ಇರುವುದು ಒಂಬತ್ತು ಕಿಲೋಮೀಟರ್ ದೂರದ ಹೋಬಳಿ ಊರಿನಲ್ಲಿ. ಬೆಳಿಗ್ಗೆ 7.40ಕ್ಕೆ ಒಂದು ಬಸ್ಸು, ಅದು ಬಿಟ್ಟರೆ 10.30ಕ್ಕೆ. ಪ್ರಾರ್ಥನೆ 9.45ಕ್ಕೆ. ಸಂಜೆ 4.30ಕ್ಕೆ ಶಾಲೆ ಬಿಟ್ಟರೆ ಊರಿಗೆ ಬಸ್ಸು ಇರುವುದು 6.45ಕ್ಕೆ, ಅದೂ ತುಂಬಿದ್ದರೆ ನಿಲ್ಲಿಸದೆ ಹೋಗುತ್ತದೆ. ಗಂಡ ಸ್ಕೂಟಿ ಕೊಡಿಸೋಣ ಅಂತಾರಂತೆ. ಅತ್ತೆ, ಹುಡುಗಿಯನ್ನು ಶಾಲೆ ಬಿಡಿಸಿ ಅಂತಾರಂತೆ. ಆಟೋದವನು ಇಬ್ಬರಿಗೂ ಸೇರಿ ತಿಂಗಳಿಗೆ 1800 ಕೇಳುತ್ತಾನೆ, ಆದರೆ ಅವನ ಗಾಡಿಯಲ್ಲಿ ಆಗಲೇ ಹದಿನಾಲ್ಕು ಮಕ್ಕಳಿದ್ದಾರೆ. ಕೊನೆಗೆ ಕೇಳಿದ್ದೀರಿ: "ಫ್ರೀ ಬಸ್ಸಿಟ್ಟು ಏನು ಪ್ರಯೋಜನ ಸಾರ್, ಅದು ನಮಗೆ ನಿಲ್ಲುವುದೇ ಇಲ್ಲವಲ್ಲ?"

ಮೊದಲು ಅತ್ತೆಯವರ ಮಾತು. ಅವರನ್ನು ಬೈಯಬೇಡಿ. ಏಳು ಗಂಟೆಯಾದರೂ ಮೊಮ್ಮಗಳು ಮನೆಗೆ ಬಂದಿಲ್ಲ ಅಂದರೆ ಯಾವ ಅಜ್ಜಿಯಾದರೂ ಹಾಗೇ ಹೇಳುತ್ತಾಳೆ. ಸಂಜೆ ಕಾಯುವ ಆ ಎರಡೂಕಾಲು ಗಂಟೆ ಸರಿಹೋದರೆ ಅವರ ಮಾತೂ ಬದಲಾಗುತ್ತದೆ.

ಸ್ಕೂಟಿ ಬೇಡ. ಇದರಲ್ಲಿ ನನಗೆ ಎರಡನೇ ಯೋಚನೆಯೇ ಇಲ್ಲ. 18 ತುಂಬುವವರೆಗೆ ಸ್ಕೂಟಿಗೆ ಲೈಸೆನ್ಸ್ ಸಿಗುವುದಿಲ್ಲ. 16ಕ್ಕೆ ಸಿಗುವುದು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ, ಅಂಥ ಗಾಡಿ ಈಗ ಶೋರೂಮಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಕೇಸು ಬೀಳುವುದು ಪೋಷಕರ ಅಥವಾ ಗಾಡಿ ಮಾಲೀಕರ ಮೇಲೆ. 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಆ ಹುಡುಗಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. "ಲೈಸೆನ್ಸೇ ಬೇಡ" ಅಂತ ಬೋರ್ಡ್ ಹಾಕಿ ಮಾರುವ ಎಲೆಕ್ಟ್ರಿಕ್ ಗಾಡಿಯನ್ನು ನಿಮ್ಮ ಯಜಮಾನರು ತೋರಿಸಬಹುದು. ಗಂಟೆಗೆ 25 ಕಿಲೋಮೀಟರ್ ದಾಟದ, 250 ವ್ಯಾಟ್ ಒಳಗಿನ ಮೋಟರಿದ್ದರೆ ಅದಕ್ಕೆ ಲೈಸೆನ್ಸ್ ಬೇಡ ಅನ್ನುವುದು ನಿಜವೇ. ಆದರೆ ನೀವೇ ಬರೆದಿದ್ದೀರಿ, ಆ ರಸ್ತೆಯಲ್ಲಿ ಮರಳು ಟಿಪ್ಪರ್‌ಗಳು ಓಡಾಡುತ್ತವೆ ಅಂತ. ಟಿಪ್ಪರ್ ಮುಂದೆ 25ರ ವೇಗದ ಗಾಡಿಯಲ್ಲಿ ಹದಿನಾಲ್ಕು ವರ್ಷದ ಮಗು ಹೋಗುವುದು ಬೇಡ, ಅಲ್ವಾ?

ಆಟೋ. ಮೂರು ಜನರ ಗಾಡಿಗೆ ಹದಿನಾಲ್ಕು. ಮಕ್ಕಳು ಚಿಕ್ಕವರು ಅಂತ ಒಂದೋ ಎರಡೋ ಜಾಸ್ತಿ ಹಿಡಿದರೂ ಈ ಲೆಕ್ಕ ಎಲ್ಲಿಗೂ ಹೊಂದುವುದಿಲ್ಲ. ಬಿಳಿ ಬೋರ್ಡಿನ ಓಮ್ನಿಯೂ ಅಷ್ಟೇ. ಅದನ್ನು ಬಾಡಿಗೆಗೆ ಓಡಿಸುವಂತೆಯೇ ಇಲ್ಲ, ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ಹಿಡಿಯುವುದು ಅದನ್ನೇ. ಮಳೆಗಾಲದ ಒಂದು ತಿಂಗಳಿಗೆ ಆಟೋ ಬೇಕೇ ಬೇಕು ಅಂದರೆ ನಾಲ್ಕು ಮನೆಯವರು ಸೇರಿ ಬೇರೆ ಆಟೋ ಮಾತಾಡಿ, ಡ್ರೈವರ್ ಪಕ್ಕ ಯಾರನ್ನೂ ಕೂರಿಸಬಾರದು ಅಂತ ಮೊದಲೇ ಹೇಳಿಬಿಡಿ.

ಈಗ ಬಸ್ಸಿಗೆ ಬರುತ್ತೇನೆ. ನಿಮ್ಮ ದಾರಿ ಇರುವುದು ಇಲ್ಲೇ ಅಂತ ನನ್ನ ಲೆಕ್ಕ.

ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಮಗಳಿಗೆ ಟಿಕೆಟ್ ದುಡ್ಡಿನ ಚಿಂತೆ ಹೋಯಿತು. ಮಗನಿಗೆ ವಿದ್ಯಾರ್ಥಿ ಪಾಸ್ ಬೇಕು, ಅದಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು, ನಿಮ್ಮ ಪಂಚಾಯಿತಿಯ ಗ್ರಾಮ ಒನ್ ಕೇಂದ್ರದಲ್ಲಿ ಹಾಕಿಕೊಡುತ್ತಾರೆ. ಹೀಗೆ ದುಡ್ಡಿನ ಮಾತು ಮುಗಿಯಿತು, ಟೈಮಿನ ಮಾತು ಹಾಗೇ ಉಳಿಯಿತು. ಬಸ್ಸಿನ ಟೈಮು ನಿಮ್ಮ ಶಾಲೆಯ ಗಂಟೆ ನೋಡಿ ಮಾಡಿದ್ದಲ್ಲ. ಹಳ್ಳಿ ಬಸ್ಸು ಎಷ್ಟೋ ಕಡೆ ನೈಟ್ ಹಾಲ್ಟ್ ಗಾಡಿ. ರಾತ್ರಿ ಊರಿಗೆ ಬಂದು, ಡ್ರೈವರ್ ಕಂಡಕ್ಟರ್ ಬಸ್ಸಿನಲ್ಲೋ ಗುಡಿ ಕಟ್ಟೆಯ ಮೇಲೋ ಮಲಗಿ, ಬೆಳಿಗ್ಗೆ ಹೊರಡುವ ಗಾಡಿ. ನಿಮ್ಮ 7.40 ಅದೇ ಇರಬೇಕು. ಅದು ಮುಂದೆ ತಾಲೂಕಿಗೆ ಹೋಗಿ ಇನ್ನೊಂದು ರೂಟಿಗೆ ತಿರುಗಬೇಕು, ಅದಕ್ಕೇ ಅಷ್ಟು ಬೇಗ. ನಾನು ಓದುವಾಗ ನಮ್ಮೂರ ನೈಟ್ ಹಾಲ್ಟ್ ಬಸ್ಸಿನವರಿಗೆ ಸರದಿಯ ಮೇಲೆ ಒಂದೊಂದು ಮನೆಯಿಂದ ರೊಟ್ಟಿ ಹೋಗುತ್ತಿತ್ತು. ನಮ್ಮವ್ವ ಮಾಡಿದ ಬದನೆಕಾಯಿ ಪಲ್ಯಕ್ಕೋ ಏನೋ, ಆ ಡ್ರೈವರು ನಾನು ಓಡಿ ಬರುವವರೆಗೆ ಹಾರ್ನ್ ಹೊಡೆಯುತ್ತಾ ನಿಂತಿರುತ್ತಿದ್ದ. ಇದನ್ನು ಸುಮ್ನೆ ಹೇಳಿದೆ, ಈಗಲೂ ಹಾಗೆ ಮಾಡಿ ಅಂತಲ್ಲ. ಮಾಡಿದರೆ ನಷ್ಟವೇನೂ ಇಲ್ಲ.

"ಹೊಸ ಬಸ್ ಬಿಡಿ" ಅಂತ ಅರ್ಜಿ ಕೊಟ್ಟಿದ್ದೆವು, ಆಗಲಿಲ್ಲ ಎಂದಿದ್ದೀರಿ. ಆಗುವುದು ಕಷ್ಟವೇ. ಹೊಸ ಟ್ರಿಪ್ ಅಂದರೆ ಗಾಡಿ ಬೇಕು, ಡ್ರೈವರ್ ಬೇಕು, ಡಿಪೋದಲ್ಲಿ ಎರಡೂ ಇಲ್ಲ ಎಂಬ ಉತ್ತರ ರೆಡಿ ಇರುತ್ತದೆ. ಅದರ ಬದಲು ಇರುವ ಬಸ್ಸನ್ನೇ ಸರಿಸಿ ಅಂತ ಕೇಳಿ. 10.30ರದ್ದು 8.50ಕ್ಕೆ ಬರಲಿ, 6.45ರದ್ದು 5ಕ್ಕೆ ಹೊರಡಲಿ. ಕೇಳುವ ಮೊದಲು ಆ 10.30 ಮತ್ತು 6.45ರ ಬಸ್ಸಿನಲ್ಲಿ ದಿನಾ ಹೋಗುವವರು ಯಾರು ಅಂತ ನೋಡಿ. ಆಸ್ಪತ್ರೆಗೆ ಹೋಗುವವರು, ಸಂತೆಯವರು, ಪೇಟೆಯಲ್ಲಿ ಕೂಲಿ ಮುಗಿಸಿ ಬರುವ ಹೆಂಗಸರು ಇರುತ್ತಾರೆ. ಅವರನ್ನು ಬಿಟ್ಟು ಟೈಮ್ ಬದಲಿಸಿದರೆ ಮುಂದಿನ ವಾರ ಅವರ ಅರ್ಜಿ ಡಿಪೋದ ಮೇಜಿನ ಮೇಲಿರುತ್ತದೆ.

ಅರ್ಜಿಯಲ್ಲಿ "ಮಕ್ಕಳಿಗೆ ತುಂಬಾ ತೊಂದರೆ" ಅಂತ ಬರೆದರೆ ಅದು ಫೈಲಿಗೆ ಹೋಗುತ್ತದೆ. ಬದಲಿಗೆ ಎರಡು ವಾರ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಯಾವ ಸ್ಟಾಪು, ಎಷ್ಟು ಮಕ್ಕಳು ನಿಂತಿದ್ದರು, ಬಸ್ ಎಷ್ಟು ಹೊತ್ತಿಗೆ ಬಂತು, ನಿಂತಿತೋ ಇಲ್ಲವೋ, ಗಾಡಿ ನಂಬರ್. ಇದು ಯಾಕೆ ಮುಖ್ಯ ಅಂದರೆ, ಡಿಪೋದವರಿಗೆ ಕಾಣುವುದು ಕಂಡಕ್ಟರ್ ಮೆಷಿನ್ನಿನ ಲೆಕ್ಕ. ಹತ್ತಿದವರು ಅದರಲ್ಲಿ ಕಾಣುತ್ತಾರೆ. ಸ್ಟಾಪಿನಲ್ಲೇ ಉಳಿದವರು ಕಾಣುವುದಿಲ್ಲ. ನಿಮ್ಮ ಊರಿನ ಇಪ್ಪತ್ತು ಮಕ್ಕಳನ್ನು ಬಿಟ್ಟು ಹೋದ ಬಸ್ಸು ಲೆಕ್ಕದಲ್ಲಿ "ಆ ಸ್ಟಾಪಿನಲ್ಲಿ ಯಾರೂ ಇಲ್ಲ" ಅಂತಲೇ ಬೀಳುತ್ತದೆ. ಅದಕ್ಕೇ ಮಗಳಿಗೂ ಹೇಳಿ, ಹತ್ತಿದ ಮೇಲೆ ಶೂನ್ಯ ಟಿಕೆಟ್ ಕೇಳಿ ತೆಗೆದುಕೊಳ್ಳಲೇಬೇಕು ಅಂತ. ಫ್ರೀ ತಾನೇ ಅಂತ ಬಿಟ್ಟರೆ ಅವಳ ಹೆಸರಿನ ದುಡ್ಡು ಸರ್ಕಾರದಿಂದ ಸಂಸ್ಥೆಗೆ ಬರುವುದಿಲ್ಲ, ತಪಾಸಣೆಗೆ ಬಂದರೆ ಕಂಡಕ್ಟರಿಗೂ ತೊಂದರೆ.

ಆ ನೋಟ್‌ಬುಕ್ಕಿನ ಜೆರಾಕ್ಸ್, ಹೆಡ್‌ಮಾಸ್ಟರ ಪತ್ರ, ಎಸ್‌ಡಿಎಂಸಿ (ಶಾಲಾ ಮೇಲುಸ್ತುವಾರಿ ಸಮಿತಿ) ಠರಾವು, ಈ ಮೂರನ್ನೂ ಸೇರಿಸಿ ಡಿಪೋ ಮ್ಯಾನೇಜರಿಗೆ ಕೊಡಿ. ಒಂದು ಪ್ರತಿ ವಿಭಾಗೀಯ ನಿಯಂತ್ರಣಾಧಿಕಾರಿಗೆ, ಇನ್ನೊಂದು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಂದರೆ ಬಿಇಒಗೆ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ವರ್ಷಕ್ಕೊಮ್ಮೆ ಆಗಬೇಕು. ಅಲ್ಲಿ ನಿಮ್ಮ ಮಗಳೇ ಎದ್ದು ನಿಂತು ಓದಲಿ. ದೊಡ್ಡವರು ಹೇಳಿದರೆ ರಾಜಕೀಯ ಅಂತಾರೆ, ಒಂಬತ್ತನೇ ಕ್ಲಾಸಿನ ಹುಡುಗಿ ಗಾಡಿ ನಂಬರ್ ಸಮೇತ ಓದಿದರೆ ಪಿಡಿಒ ಬರೆದುಕೊಳ್ಳಲೇಬೇಕು.

ಇದೆಲ್ಲ ಆಗಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ? ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. ಊರಿಂದ ಎರಡೂವರೆ ಕಿಲೋಮೀಟರ್ ದೂರದ ಕ್ರಾಸಿನಲ್ಲಿ ಗಂಟೆಗೆ ಎರಡು ಮೂರು ಬಸ್ಸು ಹೋಗುತ್ತವೆ, ಆದರೆ ವೇಗದೂತ ಅಂತ ನಿಲ್ಲಿಸುವುದಿಲ್ಲ ಎಂದಿದ್ದೀರಿ. ಅಲ್ಲಿ ಕೋರಿಕೆ ನಿಲುಗಡೆ ಕೇಳಿ, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆಗೆ ಮಾತ್ರ. ಹೊಸ ಗಾಡಿ ಬೇಡದ ಕೋರಿಕೆ ಇದು, ಬೇಗ ಆಗುವ ಸಾಧ್ಯತೆ ಇದಕ್ಕೇ ಜಾಸ್ತಿ. ವೇಗದೂತದಲ್ಲೂ ಶಕ್ತಿ ನಡೆಯುತ್ತದೆ. ಮಗನ ಪಾಸ್ ಅದಕ್ಕೆ ಆಗುತ್ತದೋ ಅಂತ ಮಾಡಿಸುವಾಗಲೇ ಕೇಳಿಕೊಳ್ಳಿ.

ಊರಿಂದ ಕ್ರಾಸಿಗೆ ಸೈಕಲ್ಲು. 2006–07ರಲ್ಲಿ ಶುರುವಾದ ಸರ್ಕಾರಿ ಸೈಕಲ್ ಕೊರೊನಾ ಬಂದ ವರ್ಷ ನಿಂತುಹೋಯಿತು. ಅದನ್ನು ನಿಲ್ಲಿಸಿದ್ದು ತಪ್ಪು ಅಂತ ಈ ಪತ್ರಿಕೆಯಲ್ಲಿ ಹಿಂದೆಯೂ ಬರೆದಿದ್ದೆ, ಈಗಲೂ ಅದೇ ಮಾತು. ಬಸ್ಸೇ ಹೋಗದ ಕೊನೆಯ ಎರಡು ಮೂರು ಕಿಲೋಮೀಟರಿಗೆ ಅದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಪಿಯುಸಿ ಮುಗಿಸಿ ಹೋದ ಹುಡುಗರ ಮನೆಯ ಹಿತ್ತಲಲ್ಲಿ ಅಂಥ ಸೈಕಲ್ ತುಕ್ಕು ಹಿಡಿಯುತ್ತಾ ನಿಂತಿರುತ್ತದೆ, ಕೇಳಿ ನೋಡಿ. ಟಯರು, ಬ್ರೇಕು ಬದಲಿಸಿದರೆ ಇನ್ನೂ ನಾಲ್ಕು ವರ್ಷ ಓಡುತ್ತದೆ. ಕ್ರಾಸಿನ ಚಹಾ ಅಂಗಡಿ ಹಿಂದೆ ನಿಲ್ಲಿಸಲು ಜಾಗ ಮಾತಾಡಿ.

ಒಂದು ಮರೆತಿದ್ದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯಿಂದ ದೂರ ಉಳಿದ ಜನವಸತಿಗಳ ಮಕ್ಕಳಿಗೆ ವರ್ಷಕ್ಕೆ 6000 ರೂಪಾಯಿವರೆಗೆ ಸಾರಿಗೆ ಭತ್ಯೆಗೆ ಅವಕಾಶವಿದೆ, ಈಗ ಹೈಸ್ಕೂಲಿಗೂ ಇದೆ. ಎಲ್ಲ ಊರಿಗೂ ಬರುವುದಿಲ್ಲ, ಪಟ್ಟಿಯಲ್ಲಿ ಊರ ಹೆಸರು ಇರಬೇಕು. ನಿಮ್ಮೂರು ಪಟ್ಟಿಯಲ್ಲಿದೆಯೋ ಇಲ್ಲವೋ ಅಂತ ಹೆಡ್‌ಮಾಸ್ಟರ್ ಮೂಲಕ ಬಿಇಒ ಕಚೇರಿಯಲ್ಲಿ ಕೇಳಿಸಿ.

ನೋಟ್‌ಬುಕ್ ಈ ಸೋಮವಾರದಿಂದಲೇ ಶುರುಮಾಡಿ. ಮಗ ಬರೆಯಲಿ, ಅವನ ಅಕ್ಷರ ಚೆನ್ನಾಗಿದೆ. ನಿಮ್ಮ ಪತ್ರದ ವಿಳಾಸ ಬರೆದದ್ದು ಅವನೇ ತಾನೇ? ಎರಡು ವಾರದ ಹಾಳೆಗಳ ಒಂದು ಜೆರಾಕ್ಸ್ ನಮಗೂ ಕಳಿಸಿ. ಊರ ಹೆಸರು ಅಳಿಸಿ ಹಾಗೇ ಅಚ್ಚು ಹಾಕುತ್ತೇವೆ.

— ಸಂಪಾದಕ