ಫೋನಲ್ಲಿ ಮಾತಾಡಿದ್ರೆ ಗಾಬರಿ ಹೋಗತ್ತಾ ಮೇಡಂ?

ಪ್ರಶ್ನೆ: ಮೇಡಂ, ನನಗೆ 34 ವರ್ಷ, ತೀರ್ಥಹಳ್ಳಿ ಹತ್ರ ಒಂದು ಹಳ್ಳಿ. ಈಚೆಗೆ ಬಸ್ ಹತ್ತಿದ್ರೆ ಸಾಕು ಎದೆ ಡವಡವ ಹೊಡ್ಕೊಳತ್ತೆ, ಕೈ ಬೆವರತ್ತೆ, ಈಗ್ಲೇ ಸತ್ತೋಗ್ತೀನೇನೋ ಅನ್ಸತ್ತೆ. ಇಸಿಜಿ ನಾರ್ಮಲ್ ಬಂತು. ಡಾಕ್ಟ್ರು "ಹಾರ್ಟಿಗೇನೂ ಆಗಿಲ್ಲಮ್ಮ, ಕೌನ್ಸೆಲಿಂಗ್ ತಗೋ" ಅಂದ್ರು. ಅದಕ್ಕೆ ಶಿವಮೊಗ್ಗಕ್ಕೆ ಹೋಗ್ಬೇಕು, ಹೋಗೋಕೆ ಬಸ್ಸೇ ಹತ್ಬೇಕಲ್ಲ! ಆನ್‌ಲೈನಲ್ಲೂ ಮಾಡ್ತಾರಂತೆ, ಬರೀ ಮಾತಾಡಿದ್ರೆ ಇದೆಲ್ಲ ಹೋಗತ್ತಾ? ಮನೇಲಿ ಅತ್ತೆ ಬೇರೆ ಇರ್ತಾರೆ, ಅವ್ರ ಮುಂದೆ ಹೇಗೆ ಮಾತಾಡ್ಲಿ?

ಉತ್ತರ: ನೀವು ಬರ್ದಿರೋದು ಓದಿದ್ರೆ ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ಬರೋ ವಿಪರೀತ ಗಾಬರಿ) ಇರಬಹುದು ಅನ್ಸತ್ತೆ, ಆದ್ರೆ ಪತ್ರ ನೋಡಿ ಖಚಿತವಾಗಿ ಹೇಳೋಕಾಗಲ್ಲ. ಥೈರಾಯ್ಡ್ ಟೆಸ್ಟ್ ಆಗಿಲ್ಲ ಅಂದ್ರೆ ಅದೊಂದು ಮಾಡ್ಸಿ, ಥೈರಾಯ್ಡ್ ಜಾಸ್ತಿ ಆದವ್ರಿಗೂ ಎದೆ ಹೀಗೇ ಹೊಡ್ಕೊಳತ್ತೆ.

ಬರೀ ಮಾತಲ್ಲ ಅದು. ಮೊದಲ ಒಂದೆರಡು ಸೆಷನ್ ಪೂರ್ತಿ ಪ್ರಶ್ನೆಗಳೇ, ಯಾವಾಗ ಶುರುವಾಯ್ತು, ನಿದ್ದೆ ಹೇಗಿದೆ, ಯಾವ ಮಾತ್ರೆ ತಗೋತೀರಾ, ದಿನಕ್ಕೆ ಎಷ್ಟು ಲೋಟ ಕಾಫಿ (ಮಲೆನಾಡವ್ರನ್ನ ಇದು ಕೇಳ್ಲೇಬೇಕು). ಆಮೇಲೆ ನಿಮಗಾಗ್ತಿರೋದನ್ನ ನಿಮ್ಮ ಮುಂದೇನೇ ಬಿಡಿಸಿ ಇಡ್ತೀವಿ. ಎದೆ ಸ್ವಲ್ಪ ಜೋರಾಗಿ ಹೊಡ್ಕೊಳತ್ತೆ, ತಕ್ಷಣ "ಅಯ್ಯೋ ಹಾರ್ಟ್ ಅಟ್ಯಾಕ್" ಅಂತ ತಲೇಲಿ ಬರತ್ತೆ, ಆ ಯೋಚನೆಗೆ ಹೆದರಿ ಉಸಿರು ಜೋರಾಗತ್ತೆ, ಉಸಿರು ಜೋರಾದ್ರೆ ತಲೆ ಸುತ್ತತ್ತೆ ಕೈ ಜುಮ್ ಅನ್ನತ್ತೆ, ಅದನ್ನ ನೋಡಿ ಇನ್ನೂ ಹೆದರಿಕೆ. ನೀವು ಬಸ್ ಇಳಿದುಬಿಡ್ತೀರ, ಹಾಯ್ ಅನ್ಸತ್ತೆ, ಮನಸ್ಸು "ಇಳಿದಿದ್ದಕ್ಕೇ ಬದುಕ್ದೆ" ಅಂತ ಪಾಠ ಕಲ್ತುಬಿಡತ್ತೆ. ಆ ಪಾಠಾನ ಅಳಿಸೋದೇ ಕೆಲಸ. ಇದಕ್ಕೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಯೋಚನೆ-ನಡವಳಿಕೆ ಬದಲಿಸೋ ಚಿಕಿತ್ಸೆ) ಅಂತಾರೆ, ಅಮೆರಿಕದ ಸೈಕಿಯಾಟ್ರಿಸ್ಟ್ ಆರನ್ ಬೆಕ್ 1960ರ ದಶಕದಲ್ಲಿ ಡಿಪ್ರೆಶನ್‌ಗೆ ಅಂತ ಶುರು ಮಾಡಿದ್ದು, ಆಮೇಲೆ ಪ್ಯಾನಿಕ್‌ಗೂ ಬಂತು. ಸಾಮಾನ್ಯವಾಗಿ ವಾರಕ್ಕೊಂದು ಸೆಷನ್, 45-50 ನಿಮಿಷ, ಪ್ಯಾನಿಕ್‌ಗಾದ್ರೆ ಹತ್ತು-ಹನ್ನೆರಡು ಸೆಷನ್ ಹಿಡೀಬಹುದು. ನಡುವೆ ಹೋಮ್‌ವರ್ಕ್ ಇರತ್ತೆ, ಅದನ್ನ ಮಾಡದವ್ರಿಗೆ ಎದುರು ಕೂತ್ರೂ ಅಷ್ಟೇ ಆನ್‌ಲೈನಾದ್ರೂ ಅಷ್ಟೇ.

ಈಗ ಆನ್‌ಲೈನ್ ವಿಷಯಕ್ಕೆ ಬರೋಣ. ಓಡಾಟ ಉಳಿಯತ್ತೆ, ದುಡ್ಡು ಉಳಿಯತ್ತೆ ಅಂತ ಎಲ್ರೂ ಹೇಳ್ತಾರೆ, ಸರಿನೇ, ಆದ್ರೆ ನಿಮ್ಮಂಥವ್ರಿಗೆ ಅದಕ್ಕಿಂತ ದೊಡ್ಡ ಲಾಭ ಒಂದಿದೆ. ಕ್ಲಿನಿಕ್ಕಲ್ಲಿ ಕೂತು ಬಸ್ಸಿನ ಬಗ್ಗೆ ಮಾತಾಡಬಹುದು ಅಷ್ಟೇ, ಬಸ್ಸು ಅಲ್ಲಿರಲ್ಲ. ಫೋನಿದ್ರೆ ನಿಮ್ಮೂರ ಬಸ್‌ಸ್ಟಾಪಲ್ಲಿ ನೀವು ನಿಂತಾಗ ಥೆರಪಿಸ್ಟ್ ಕಿವೀಲೇ ಇರ್ತಾರೆ! ಮೊದಲು ಮನೇಲೇ ಮೆಟ್ಟಿಲು ಹತ್ತಿಳಿದು ಬೇಕಂತಲೇ ಎದೆ ಬಡಿತ ಜಾಸ್ತಿ ಮಾಡ್ಸಿ ಅದರಿಂದ ಏನೂ ಆಗಲ್ಲ ಅಂತ ನೋಡ್ಸೋದು, ಮುಂದಿನ ವಾರ ಬರೀ ಸ್ಟಾಪಲ್ಲಿ ನಿಲ್ಲೋದು, ಆಮೇಲೆ ಒಂದು ಸ್ಟೇಜ್ ಹೋಗಿ ಇಳಿಯೋದು, ಹೀಗೆ. ಡಿಪ್ರೆಶನ್, ಆತಂಕ ಈ ತರದ್ದಕ್ಕೆ ವಿಡಿಯೋ ಸೆಷನ್ನು ಎದುರಾ ಎದುರು ಕೂತು ಮಾಡಿದಷ್ಟೇ ಕೆಲಸ ಮಾಡತ್ತೆ ಅಂತ ತುಂಬಾ ಅಧ್ಯಯನಗಳಲ್ಲಿ ಬಂದಿದೆ, ಹಾಗಾಗಿ ಕಳಪೆ ಮಾಲು ಅಂದ್ಕೋಬೇಡಿ.

ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಸಿಗ್ನಲ್ ಎರಡೂ ಇರಲ್ಲ ಗೊತ್ತು, ವಿಡಿಯೋ ಕೈಕೊಟ್ರೆ ಬರೀ ಆಡಿಯೋ ಮಾಡೋಣ ಅಂತ ಮೊದಲೇ ಮಾತಾಡ್ಕೊಳ್ಳಿ. ಅತ್ತೆಯವ್ರ ವಿಷಯ, ಇಯರ್‌ಫೋನ್ ಹಾಕ್ಕೊಂಡು ತೋಟದ ಕಡೆ ಹೋಗಿ ಕೂರ್ಬಹುದು, ಅಥವಾ "ಡಾಕ್ಟ್ರು ಹೇಳಿದ ಟ್ರೀಟ್‌ಮೆಂಟ್, ವಾರಕ್ಕೊಂದು ಗಂಟೆ" ಅಂತ ನೇರ ಹೇಳ್ಬಿಡಿ, ಸುಳ್ಳೇನಲ್ವಲ್ಲ. ಆದ್ರೆ ಇದನ್ನ ಓದ್ತಿರೋ ಬೇರೆಯವ್ರಿಗೆ: ಮನೇಲಿ ಹೊಡಿಯೋರಿದ್ದು ಅವ್ರು ಪಕ್ಕದ ರೂಮಲ್ಲೇ ಇರ್ತಾರೆ ಅಂದ್ರೆ ಮನೆಯಿಂದ ಆನ್‌ಲೈನ್ ಬೇಡ, ಹೊರಗಡೆ ಬಂದು ಮಾತಾಡಿ.

ಪ್ರಶ್ನೆ: ನಮಸ್ಕಾರ ರೀ ಮೇಡಂ, ನಾ ಹುಬ್ಬಳ್ಳಿಯಾಂವ. ಇನ್‌ಸ್ಟಾದಾಗ ಎಲ್ಲಿ ನೋಡಿದ್ರೂ ಥೆರಪಿಸ್ಟ್ ಅಂತಾರ, ಖರೇನ ಲೈಸೆನ್ಸ್ ಇದ್ದವರು ಯಾರು ಅಂತ ಹೆಂಗ ತಿಳೀಬೇಕ್ರೀ?

ಉತ್ತರ: ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕ್ಕೊಂಡಿದ್ರೆ ಆರ್‌ಸಿಐ, ಅಂದ್ರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ ನೋಂದಣಿ ನಂಬರ್ ಕೇಳಿ, ಅವ್ರ ವೆಬ್‌ಸೈಟಲ್ಲಿ ಚೆಕ್ ಮಾಡಬಹುದು. ತುಂಬಾ ಜನ ಎರಡು ವರ್ಷದ ಎಂ.ಫಿಲ್ ಮಾಡಿರ್ತಾರೆ. ಕೇಳಿದ್ದಕ್ಕೆ ಸಿಟ್ಟಾದ್ರೆ ಅಲ್ಲಿಗೇ ಬಿಡಿ. "ಕೌನ್ಸೆಲರ್" ಅನ್ನೋ ಹೆಸರು ಮಾತ್ರ ನಮ್ಮಲ್ಲಿ ಇನ್ನೂ ಸಡಿಲ ಇದೆ, 2021ರಲ್ಲಿ ಕೌನ್ಸೆಲರ್‌ಗಳಂಥ ಆರೋಗ್ಯ ವೃತ್ತಿಯವ್ರಿಗೂ ನೋಂದಣಿ ತರೋ ಅಲೈಡ್ ಹೆಲ್ತ್‌ಕೇರ್ ಕಾನೂನು ಬಂತು ನಿಜ, ಆದ್ರೆ ವಾರಾಂತ್ಯದ ಕೋರ್ಸ್ ಮಾಡಿದವ್ರೂ ಬೋರ್ಡ್ ಹಾಕ್ಕೊಂಡು ಕೂತಿದ್ದಾರೆ. ಅದಕ್ಕೇ ಏನು ಓದಿದ್ದೀರಿ, ಯಾರ ಸೂಪರ್‌ವಿಶನ್ (ಹಿರಿಯ ಥೆರಪಿಸ್ಟ್ ಮೇಲ್ವಿಚಾರಣೆ) ಇದೆ ಅಂತ ಕೇಳೋದ್ರಲ್ಲಿ ನಾಚಿಕೆ ಬೇಡ. ಮೂರೇ ಸೆಷನ್ನಲ್ಲಿ ಗ್ಯಾರಂಟಿ ಅಂದ್ರೆ, ನಿಮ್ಮ ಕಥೆ ಬಿಟ್ಟು ಅವ್ರ ಕಥೆನೇ ಹೇಳ್ತಿದ್ರೆ, ಡಾಕ್ಟರಲ್ದೇನೇ ಮಾತ್ರೆ ಬರ್ಕೊಟ್ರೆ, ಎದ್ದು ಬನ್ನಿ. ಹಾಂ, 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿಡೋ ಹಕ್ಕು ಕೊಟ್ಟಿದೆ, ಜೀವಕ್ಕೆ ಅಪಾಯ, ಕೋರ್ಟ್ ಆದೇಶ, ಇಂಥ ಕಾನೂನು ಹೇಳಿರೋ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆಯವ್ರಿಗೆ ಹೇಳಬಹುದು. ರೆಕಾರ್ಡ್ ಮಾಡ್ತೀರಾ ಅಂತ ಮೊದಲ ದಿನವೇ ಕೇಳ್ಕೊಳ್ರಿ.

ಪ್ರಶ್ನೆ: ಟೆಕ್ಸಾಸಲ್ಲಿದೀನಿ, ಕನ್ನಡದಲ್ಲೇ ಮಾತಾಡ್ಬೇಕು ಅನ್ಸತ್ತೆ. ಬೆಂಗಳೂರಿನವ್ರನ್ನ ಆನ್‌ಲೈನಲ್ಲಿ ನೋಡ್ಬಹುದಾ?

ಉತ್ತರ: ಅಮೆರಿಕದಲ್ಲಿ ಲೈಸೆನ್ಸ್ ರಾಜ್ಯದ ಲೆಕ್ಕ, ನೀವು ಕೂತಿರೋ ರಾಜ್ಯದ ಅನುಮತಿ ಥೆರಪಿಸ್ಟ್‌ಗೆ ಇರ್ಬೇಕು. ಹಾಗಾಗಿ ಮೊದಲು ಅಲ್ಲೇ ಲೈಸೆನ್ಸ್ ಇರೋ ಕನ್ನಡದವ್ರನ್ನ ಹುಡುಕಿ. ಸಿಗ್ಲಿಲ್ಲ ಅಂದ್ರೆ, ಅಳೋ ಹೊತ್ತಿಗೆ ನೀವು ಕನ್ನಡಕ್ಕೆ ಜಾರಿದ್ರೂ ತಾಳ್ಮೆಯಿಂದ ಕೇಳಿಸ್ಕೊಂಡು ಅದರ ಅರ್ಥ ಏನು ಅಂತ ವಿಚಾರಿಸೋ ಅಲ್ಲಿನ ಥೆರಪಿಸ್ಟ್ ಆದ್ರೂ ಸಾಕು.

ಪ್ರಶ್ನೆ: ಫೀಸ್ ಕೊಡೋಕೆ ಆಗಲ್ಲ, ಫ್ರೀ ಏನಾದ್ರೂ ಇದ್ಯಾ?

ಉತ್ತರ: ಟೆಲಿ ಮಾನಸ್ 14416, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಅಕ್ಟೋಬರ್ 2022ರಿಂದ ಇದೆ, ನಿಮ್ಹಾನ್ಸ್ ಮುಂದಾಳತ್ವ, ಕನ್ನಡದಲ್ಲಿ ಮಾತಾಡ್ತಾರೆ, ದಿನದ 24 ಗಂಟೆ. ಎದುರೇ ಕೂತು ಮಾತಾಡ್ಬೇಕು ಅಂದ್ರೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರ್ತಾರೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಅಲ್ಲೇ ವಿಚಾರಿಸಿ. ಸಾಯ್ಬೇಕು ಅನ್ನೋ ಯೋಚನೆ ಬರ್ತಿದ್ರೆ ಮಂಗಳವಾರಕ್ಕೆಲ್ಲ ಕಾಯೋದು ಬೇಡ, ಈಗ್ಲೇ ಆ ನಂಬರಿಗೆ ಮಾಡಿ, ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಳ್ಳಿ, ಹತ್ತಿರದ ಆಸ್ಪತ್ರೆಗೆ ಹೋಗಿ.