ಡ್ಯೂಕ್ ಇದ್ದಾನೆ, ಮನೆಯವರೆಲ್ಲಿ?

ನಮಸ್ಕಾರ. ವಾಟರ್ಲೂ ಕದನದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಬ್ರಿಟಿಷ್ ಸೇನಾಪತಿ, ವೆಲ್ಲಿಂಗ್ಟನ್ ಡ್ಯೂಕ್ ಆರ್ಥರ್ ವೆಲ್ಲೆಸ್ಲಿಯ ಬದುಕು, ಮನೆತನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿ ಹೇಳಿಬಿಡುತ್ತೇನೆ.

ಮೊದಲು ಒಂದು ತಪ್ಪು. 1799ರ ಮೇ 4ರಂದು ಟಿಪ್ಪುವಿನ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಬ್ರಿಟಿಷ್ ಪಡೆಯ ಮುಂದಾಳು ವೆಲ್ಲೆಸ್ಲಿ ಎಂದು ಬರೆದಿದ್ದೀರಿ. ಅಲ್ಲ, ಡೇವಿಡ್ ಬೇರ್ಡ್. ಹಿಂದೊಮ್ಮೆ ಅದೇ ಊರಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವನು. ವೆಲ್ಲೆಸ್ಲಿ ಹಿಂದೆ ಮೀಸಲು ಪಡೆಯ ಜೊತೆಗಿದ್ದ. ಆದರೂ ಗೆದ್ದ ಊರಿನ ಆಡಳಿತ ಸಿಕ್ಕಿದ್ದು ವೆಲ್ಲೆಸ್ಲಿಗೆ. ಬೇರ್ಡ್ ಉರಿದುಬಿದ್ದ. ನೇಮಿಸಿದ್ದು ಇಡೀ ಸೈನ್ಯದ ದಂಡನಾಯಕ ಜನರಲ್ ಹ್ಯಾರಿಸ್, ನಿಜ. ಆದರೆ ಆಗ ಗವರ್ನರ್ ಜನರಲ್ ಯಾರು? ಆರ್ಥರನ ಸ್ವಂತ ಅಣ್ಣ ರಿಚರ್ಡ್! ಅವನನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ.

‘ಸ್ವಂತ ಪ್ರತಿಭೆಯಿಂದ ಮೇಲೆ ಬಂದರು’ ಅಂತ ಮೂರು ಕಡೆ ಇದೆ. ಪ್ರತಿಭೆ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಆಗ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. 1793ರಲ್ಲಿ, 24ನೇ ವಯಸ್ಸಿಗೆ, ಅವನು 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಆದದ್ದು ಅಣ್ಣ ಕೊಟ್ಟ ಸಾಲದಿಂದ.

ಹೆಂಡತಿ ಕ್ಯಾಥರೀನ್ ವಿಷಯಕ್ಕೆ ಬರೋಣ. ‘1806ರಲ್ಲಿ ವಿವಾಹ, ಇಬ್ಬರು ಗಂಡುಮಕ್ಕಳು.’ ಅಷ್ಟೇನಾ? 1793ರಲ್ಲಿ ಮೊದಲ ಸಲ ಹೆಣ್ಣು ಕೇಳಿದಾಗ ಅವಳ ಮನೆಯವರು ಒಪ್ಪಲಿಲ್ಲ. ಕೈಯಲ್ಲಿ ಕಾಸಿಲ್ಲದ ಕಿರಿಯ ಮಗ, ಅಲ್ವಾ? ಆ ವರ್ಷವೇ ಅವನು ತನ್ನ ಪಿಟೀಲುಗಳನ್ನು ಸುಟ್ಟುಹಾಕಿದ ಅನ್ನುತ್ತಾರೆ. ಅವನ ಅಪ್ಪ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಪ್ರೊಫೆಸರ್ ಆಗಿದ್ದವನು! ಮುಂದೆ ಭಾರತದಿಂದ ವಾಪಸಾಗಿ, ಹತ್ತು ವರ್ಷಕ್ಕೂ ಜಾಸ್ತಿ ಮುಖ ನೋಡದವಳನ್ನು ಕಾಗದದಲ್ಲೇ ಮತ್ತೆ ಕೇಳಿ ಮದುವೆಯಾದ. ಇಬ್ಬರಿಗೂ ಹೊಂದಾಣಿಕೆ ಆಗಲೇ ಇಲ್ಲ. ಇಷ್ಟೆಲ್ಲ ಬಿಟ್ಟು ಸುಮ್ನೆ ಇಸವಿ ಬರೆದರೆ ಓದುಗರಿಗೆ ಏನು ಸಿಕ್ಕಿತು?

ಬ್ರಿಟಿಷರ ವಿರುದ್ಧ ದಂಡು ಕಟ್ಟಿದ್ದ ಧೋಂಡಿಯಾ ವಾಘನನ್ನು ವೆಲ್ಲೆಸ್ಲಿ 1800ರಲ್ಲಿ ಬೆನ್ನಟ್ಟಿ ಕೊಂದದ್ದಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಸರಿ. ಆದರೆ ಅಲ್ಲಿ ಸಾಮಾನು ಸರಂಜಾಮಿನ ನಡುವೆ ಸಿಕ್ಕ ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನ್ ಎಲ್ಲಿ? ವೆಲ್ಲೆಸ್ಲಿ ಆ ಹುಡುಗನನ್ನು ತಾನೇ ನೋಡಿಕೊಂಡ. ದೇಶ ಬಿಡುವಾಗ ಅವನ ಖರ್ಚಿಗೆ ಹಣ ಇಟ್ಟು ಹೋದ. ಮನೆತನದ ಬಗ್ಗೆ ಬರೆಯುವವರು ಈ ಮಗುವನ್ನು ಬಿಡಬಾರದು.

ವಾಟರ್ಲೂಗೆ ಒಂದು ಪ್ಯಾರಾ ಸಾಕು. ಬಿರುದುಗಳ ಪಟ್ಟಿ ಪೂರ್ತಿ ತೆಗೆಯಿರಿ. ಆರು ಪುಟ ಮೀರದ ಹಾಗೆ ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.