ಜೈಲಿನಿಂದ ಬಂದವರ ವ್ಯಸನಮುಕ್ತಿ ಕೇಂದ್ರ ನಡೆಸುವುದು ಅಂದರೆ ಏನು ಕೆಲಸ?

ನಿಮ್ಮ ಪ್ರಶ್ನೆ ಇಷ್ಟು: ಹಲವು ವರ್ಷ ಕೌನ್ಸೆಲರ್ ಆಗಿದ್ದೀರಿ. ಶಿಕ್ಷೆಯಾದವರು ಉಳಿದುಕೊಂಡು ಚಿಕಿತ್ಸೆ ಪಡೆದು ಮತ್ತೆ ಹೊರಗಿನ ಬದುಕಿಗೆ ಮರಳುವ ಕೇಂದ್ರಕ್ಕೆ ನಿರ್ದೇಶಕರಾಗಿ ಬನ್ನಿ ಅಂತ ಕರೆದಿದ್ದಾರೆ. ಅಲ್ಲಿ ನಿಜವಾಗಿ ಏನು ಮಾಡಬೇಕಾಗುತ್ತದೆ, ಒಪ್ಪಿಕೊಳ್ಳಲಾ ಅಂತ ಕೇಳಿದ್ದೀರಿ.

ಇಂಥದ್ದೇ ಒಂದು ಕೇಂದ್ರವನ್ನು ನಾನು ನಡೆಸುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಎದುರು ಕೂತು ಮಾತಾಡಿಸುವ ಕೆಲಸ ನಿಮಗೆ ಇಷ್ಟ ಅಂತಾದರೆ ಅದು ಇಲ್ಲಿ ಸಿಗುವುದು ಕಡಿಮೆ. ರಾತ್ರಿ ಪಾಳಿಗೆ ಯಾರು, ಯಾರ ಬ್ಯಾಗಿನಲ್ಲಿ ಏನು ಸಿಕ್ಕಿತು, ಕೋರ್ಟಿಗೆ ವರದಿ ಹೋಯಿತಾ, ಮುಂದಿನ ವರ್ಷದ ಹಣ ಎಲ್ಲಿಂದ, ಬಾತ್‌ರೂಮಿನ ಚಿಲಕ ಯಾಕೆ ಮುರಿದಿದೆ. ದಿನದ ಬಹುಪಾಲು ಇದರಲ್ಲೇ ಹೋಗುತ್ತದೆ. ಇದಕ್ಕೆ ಬೇಜಾರಿಲ್ಲ ಅನ್ನುವವರು ಮುಂದೆ ಓದಿ.

ಹೊರಗಿನವರು ಈ ಕೆಲಸವನ್ನು ನೋಡುವ ರೀತಿಯೇ ಬೇರೆ. ಒಳಗೆ ಬಂದವನು ಕೆಲವು ತಿಂಗಳು ನಶೆ ಮುಟ್ಟದೆ ಇದ್ದರೆ ಗೆದ್ದೆವು ಅಂದುಕೊಳ್ಳುತ್ತಾರೆ. ಬಾಗಿಲು ಹಾಕಿದ ಮನೆಯಲ್ಲಿ ನಶೆ ಮುಟ್ಟದೆ ಇರುವುದು ಅಷ್ಟೇನೂ ಕಷ್ಟವಲ್ಲ. ಕಷ್ಟ ಶುರುವಾಗುವುದು ಹೊರಗೆ ಕಾಲಿಟ್ಟ ದಿನ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1999ರಿಂದ 2003ರವರೆಗೆ ಜೈಲಿನಿಂದ ಬಿಡುಗಡೆಯಾದ 30,237 ಜನರ ದಾಖಲೆಗಳನ್ನು ಸಂಶೋಧಕರು ಹುಡುಕಿ ನೋಡಿದರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಓವರ್‌ಡೋಸ್‌ನಿಂದ ಸಾಯುವ ಅಪಾಯ ಆ ರಾಜ್ಯದ ಉಳಿದ ಜನರಿಗಿಂತ 129 ಪಟ್ಟು ಜಾಸ್ತಿ ಇತ್ತು. ಕಾರಣ ಸರಳ. ಬಿಟ್ಟಿದ್ದ ತಿಂಗಳುಗಳಲ್ಲಿ ದೇಹಕ್ಕೆ ಮೊದಲಿನಷ್ಟು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ, ಕೈ ಮಾತ್ರ ಹಳೆಯ ಅಳತೆಯನ್ನೇ ತೆಗೆದುಕೊಳ್ಳುತ್ತದೆ. ನಮ್ಮಂಥ ಕೇಂದ್ರದಿಂದ ಹೊರಟವನಿಗೂ ಇದೇ ಅಪಾಯ.

ಅದಕ್ಕೇ ಈ ಕೆಲಸವನ್ನು ನಾನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಒಬ್ಬ ಬಂದ ವಾರವೇ ಅವನು ಹೊರಡುವ ದಿನದ ಫೈಲು ತೆರೆಯುತ್ತೇವೆ. ಎಲ್ಲಿ ಮಲಗುತ್ತಾನೆ? ಆ ಮನೆಯಲ್ಲಿ ಯಾರಾದರೂ ಈಗಲೂ ಕುಡಿಯುತ್ತಾರಾ? ಗುರುತಿನ ಚೀಟಿ ಇದೆಯಾ? ಇದು ಸಣ್ಣ ವಿಷಯ ಅನಿಸಬಹುದು. ಗುರುತಿನ ಚೀಟಿ ಇಲ್ಲದವನಿಗೆ ಬ್ಯಾಂಕ್ ಖಾತೆ ಇಲ್ಲ, ಸಿಮ್ ಇಲ್ಲ, ಸಂಬಳ ಕೊಡುವ ಕೆಲಸವಿಲ್ಲ, ಬಾಡಿಗೆ ಮನೆಯೂ ಇಲ್ಲ. ಅವನನ್ನು ಕೂಡಲೇ ಒಳಗೆ ಕರೆದುಕೊಳ್ಳುವವರು ಹಳೆಯ ಗೆಳೆಯರು ಮಾತ್ರ. ಚೀಟಿ ಮಾಡಿಸಲು ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಮೊದಲ ವಾರವೇ ಅರ್ಜಿ ಹೋಗಬೇಕು. ಹಳೆಯ ದಂಡ, ಬಾಕಿ ಇರುವ ಇನ್ನೊಂದು ಕೇಸು, ಮಕ್ಕಳ ಖರ್ಚಿನ ಬಾಕಿ, ಇವನ್ನೂ ಆಗಲೇ ಕೆದಕಬೇಕು. ಹೊರಟ ಮೂರನೇ ದಿನ ವಾರಂಟ್ ಬಂದು ಬಾಗಿಲು ಬಡಿದರೆ ಆರು ತಿಂಗಳ ಚಿಕಿತ್ಸೆ ನೀರಿಗೆ ಹೋದ ಹಾಗೆ.

ಇನ್ನೊಂದು ಪುಟ್ಟ ನಿಯಮ, ಶುಕ್ರವಾರ ಯಾರನ್ನೂ ಕಳಿಸಬೇಡಿ. ಸಂಜೆಗೆ ಆಫೀಸುಗಳು ಮುಚ್ಚುತ್ತವೆ, ಔಷಧಿಯ ಚೀಟಿಯಲ್ಲಿ ಏನಾದರೂ ತಪ್ಪಿದ್ದರೆ ಸೋಮವಾರದವರೆಗೆ ಕೇಳುವವರಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜೈಲಿನಿಂದ ಶುಕ್ರವಾರ ಬಿಡುಗಡೆ ಮಾಡುವುದನ್ನು ತಪ್ಪಿಸಲು ಅವಕಾಶ ಕೊಡುವ ಕಾನೂನನ್ನೇ 2023ರಲ್ಲಿ ತಂದರು. ನಮಗೆ ಕಾನೂನು ಬೇಕಿಲ್ಲ, ಕ್ಯಾಲೆಂಡರ್ ನೋಡಿದರೆ ಸಾಕು.

ಹೊರಗಿನ ಬೆಂಬಲ ಬೇಕು ಅನ್ನುವುದು ಹೊಸ ವಿಚಾರವೇನಲ್ಲ. 1935ರಲ್ಲೇ ಅಮೆರಿಕ ಸರ್ಕಾರ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಕೈದಿಗಳಿಗೂ ತಾವಾಗಿ ಬಂದವರಿಗೂ ಸೇರಿಸಿ ದೊಡ್ಡ ಆಸ್ಪತ್ರೆ ಕಟ್ಟಿತು. ತೋಟದ ಕೆಲಸ, ಶುದ್ಧ ಗಾಳಿ, ಒಳ್ಳೆಯ ಡಾಕ್ಟರುಗಳು ಎಲ್ಲ ಇತ್ತು. ಊರಿಗೆ ಮರಳಿದ ಮೇಲೆ ಹೆಚ್ಚಿನವರು ಮತ್ತೆ ಮುಟ್ಟಿದರು. ಡೆಲವೇರ್ ರಾಜ್ಯದಲ್ಲಿ 1988ರಲ್ಲಿ ಜೈಲಿನೊಳಗೆ ಚಿಕಿತ್ಸೆ ಶುರುವಾಯಿತು. 1991ರಲ್ಲಿ, ಹಗಲು ಹೊರಗೆ ದುಡಿದು ರಾತ್ರಿ ಬಂದು ಉಳಿಯುವ ಇನ್ನೊಂದು ಕೇಂದ್ರ ಅದಕ್ಕೆ ಜೊತೆಯಾಯಿತು. ಜೈಲಿನ ಚಿಕಿತ್ಸೆಯೊಂದನ್ನೇ ಪಡೆದವರಿಗಿಂತ ಈ ನಡುವಿನ ಮನೆ ಮತ್ತು ಆಮೇಲಿನ ಬೆಂಬಲ ಎರಡನ್ನೂ ಪಡೆದವರು ಚೆನ್ನಾಗಿ ಉಳಿದುಕೊಂಡರು.

ಔಷಧಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಸಿಬ್ಬಂದಿಯ ಜೊತೆ ಮೊದಲ ಜಗಳ ಆಗುವುದೇ ಇದರಲ್ಲಿ. ಹೆರಾಯಿನ್‌ನಂಥ ನಶೆಗೆ ಬಿದ್ದವರಿಗೆ, ಅದೇ ಜಾತಿಯ ಆದರೆ ಡಾಕ್ಟರ್ ಅಳೆದು ಕೊಡುವ ಔಷಧಿಗಳಾದ ಮೆಥಡೋನ್, ಬ್ಯೂಪ್ರೆನಾರ್ಫಿನ್ ಕೊಟ್ಟರೆ ಸಾವು ಕಡಿಮೆಯಾಗುತ್ತದೆ. ಇದರಲ್ಲಿ ವೈದ್ಯರಿಗೆ ಅನುಮಾನವಿಲ್ಲ. ಆದರೂ ನಮ್ಮ ಕ್ಷೇತ್ರದ ಹಳಬರಲ್ಲಿ ಅನೇಕರು "ಒಂದು ನಶೆ ಬಿಡಿಸಿ ಇನ್ನೊಂದು ಹಿಡಿಸಿದ ಹಾಗಾಯಿತು" ಅನ್ನುತ್ತಾರೆ. ತಾವು ಏನೂ ಇಲ್ಲದೆ ಬಿಟ್ಟಿದ್ದೇವೆ, ಇವನೂ ಬಿಡಲಿ ಅನ್ನುವ ಹಠ. ಅವರ ಹೆಮ್ಮೆಗೆ ನನ್ನ ಗೌರವವಿದೆ, ಆದರೆ ಹೆಮ್ಮೆಯ ಮೇಲೆ ನಿಯಮ ಮಾಡಲಾಗುವುದಿಲ್ಲ. ಅಮೆರಿಕದ ಪುಟ್ಟ ರಾಜ್ಯ ರೋಡ್ ಐಲೆಂಡ್ 2016ರಲ್ಲಿ ತನ್ನ ಎಲ್ಲ ಜೈಲುಗಳಲ್ಲಿ ಈ ಔಷಧಿಗಳನ್ನು ಕೊಡಲು ಶುರುಮಾಡಿತು. ಆ ವರ್ಷದ ಮೊದಲ ಆರು ತಿಂಗಳಲ್ಲಿ ಓವರ್‌ಡೋಸ್‌ನಿಂದ ಸತ್ತವರಲ್ಲಿ 26 ಜನ ಇತ್ತೀಚೆಗೆ ಜೈಲಿನಲ್ಲಿದ್ದವರು. ಮರುವರ್ಷ ಅದೇ ಅವಧಿಯಲ್ಲಿ ಅಂಥವರು 9 ಜನ. ಸಂಖ್ಯೆ ಚಿಕ್ಕದಿರಬಹುದು. ನಿಮ್ಮ ಕೇಂದ್ರದಿಂದ ಹೊರಟ ಒಬ್ಬನ ಸುದ್ದಿ ಫೋನಿನಲ್ಲಿ ಕೇಳಿದರೆ ಚಿಕ್ಕದು ಅನಿಸುವುದಿಲ್ಲ. ಹೊರಡುವ ಪ್ರತಿಯೊಬ್ಬನ ಕೈಯಲ್ಲೂ, ಅವನ ಮನೆಯವರ ಕೈಯಲ್ಲೂ ನಾಲೊಕ್ಸೋನ್ ಇರಲಿ. ಓವರ್‌ಡೋಸ್ ಆದಾಗ ಉಸಿರು ಮರಳಿಸುವ ಔಷಧಿ ಅದು.

ಕುಡಿತದವರ ಬಗ್ಗೆ ಒಂದೇ ಮಾತು. ತುಂಬ ಕುಡಿಯುತ್ತಿದ್ದವನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಬುದ್ಧಿಭ್ರಮೆಯಾಗಿ ಪ್ರಾಣಕ್ಕೇ ಕುತ್ತಾಗಬಹುದು. ನಿದ್ದೆ ಮಾತ್ರೆಗೆ ಬಿದ್ದವರಲ್ಲೂ ಹೀಗೇ. ಡಾಕ್ಟರ್ ನೋಡದೆ ಅಂಥವರನ್ನು ಒಳಗೆ ಸೇರಿಸಿಕೊಳ್ಳಬೇಡಿ.

ಈಗ ನಿಜವಾದ ತಲೆನೋವು. ಒಳಗಿರುವವನ ಮೂತ್ರ ಪರೀಕ್ಷೆಯಲ್ಲಿ ನಶೆ ಸಿಕ್ಕಿತು. ಏನು ಮಾಡುತ್ತೀರಿ? ಹಲವು ಕೇಂದ್ರಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ, ಅದೇ ದಿನ ಆಚೆ. ನನಗೆ ಅದು ಒಪ್ಪಿಗೆಯಿಲ್ಲ. ಯಾವ ರೋಗಕ್ಕೆ ಬಂದನೋ ಅದೇ ರೋಗದ ಲಕ್ಷಣ ಕಂಡಿತು ಅಂತ ಓಡಿಸುವುದು ಎಂಥ ಆಸ್ಪತ್ರೆ, ಅಲ್ವಾ? ಅದೂ ದೇಹ ದುರ್ಬಲವಾಗಿರುವಾಗ, ಮೇಲೆ ಹೇಳಿದ ಆ ಎರಡು ವಾರಗಳಿಗೆ ನಾವೇ ತಳ್ಳಿದ ಹಾಗೆ. ನಮ್ಮಲ್ಲಿ ಮುಟ್ಟಿದವನಿಗೆ ಬಿಗಿ ಜಾಸ್ತಿಯಾಗುತ್ತದೆ. ಹೊರಗೆ ಹೋಗುವ ಪಾಸ್ ರದ್ದು, ಪರೀಕ್ಷೆ ಜಾಸ್ತಿ, ಔಷಧಿಯ ಬಗ್ಗೆ ಡಾಕ್ಟರ ಜೊತೆ ಮತ್ತೆ ಮಾತು. ಒಳಗೆ ತಂದು ಮಾರಿದವನ ಕಥೆ ಬೇರೆ, ಕೈ ಎತ್ತಿದವನದೂ ಬೇರೆ. ಅವರಿಂದ ಉಳಿದವರಿಗೆ ಅಪಾಯ, ಅವರು ಹೋಗಬೇಕು. ಹಾಗೆ ಕಳಿಸುವಾಗಲೂ ಬೀದಿಗೆ ಕಳಿಸದೆ ಇನ್ನೊಂದು ಜಾಗ ಗೊತ್ತುಮಾಡಿ ಕಳಿಸುತ್ತೇವೆ. ಈ ಎರಡರ ನಡುವೆ ಬರುವ ಪ್ರಕರಣಗಳೇ ನಿಮ್ಮ ನಿದ್ದೆ ಕೆಡಿಸುವುದು. ಉದಾಹರಣೆಗೆ, ತನಗೆ ಅಂತ ತಂದು ಪಕ್ಕದ ಹಾಸಿಗೆಯವನಿಗೂ ಸುಮ್ನೆ ಸ್ವಲ್ಪ ಕೊಟ್ಟವನು. ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಸಿಬ್ಬಂದಿ ಎರಡು ಪಾಳಯವಾಗುತ್ತಾರೆ, ಕೊನೆಗೆ ಸಹಿ ಹಾಕುವವರು ನೀವು.

ನಿಮಗೆ ಇಬ್ಬರು ಯಜಮಾನರಿರುತ್ತಾರೆ ಅನ್ನುವುದನ್ನೂ ಮರೆಯಬೇಡಿ. ಕೋರ್ಟಿಗೆ ಇವನು ಅಪರಾಧಿ, ನಿಮಗೆ ರೋಗಿ. ಕೋರ್ಟಿನ ಪರವಾಗಿ ಇವನ ಮೇಲೆ ಕಣ್ಣಿಡುವ ಪ್ರೊಬೇಷನ್ ಅಧಿಕಾರಿ ಫೋನ್ ಮಾಡಿ "ಗುಂಪು ಚಿಕಿತ್ಸೆಯಲ್ಲಿ ಕೂತಾಗ ಏನು ಹೇಳಿದ?" ಅಂತ ಕೇಳಿಯೇ ಕೇಳುತ್ತಾರೆ. ಕೆಟ್ಟ ಉದ್ದೇಶವೇನಿಲ್ಲ, ಅವರ ಕೆಲಸ ಅದು. ಹಾಜರಿ, ಪರೀಕ್ಷೆಯ ಫಲಿತಾಂಶ, ಚಿಕಿತ್ಸೆಯಲ್ಲಿ ಉಳಿದಿದ್ದಾನೋ ಇಲ್ಲವೋ, ಇಷ್ಟನ್ನು ಹೇಳುತ್ತೇವೆ ಅಂತ ಮೊದಲೇ ಲಿಖಿತವಾಗಿ ಒಪ್ಪಿಸಿಕೊಳ್ಳಿ. ಅದೇ ಕಾಗದವನ್ನು ಬಂದವನಿಗೂ ಮೊದಲ ದಿನವೇ ಓದಿ ಹೇಳಿ. ಗುಂಪಿನಲ್ಲಿ ಹೇಳಿದ್ದು ಕೋರ್ಟಿಗೆ ಹೋಯಿತು ಅಂತ ಒಂದು ಸಲ ಸುದ್ದಿಯಾದರೆ ಮುಗಿಯಿತು, ಆಮೇಲೆ ಎಲ್ಲರೂ ನಿಮಗೆ ಇಷ್ಟವಾಗುವ ಮಾತನ್ನೇ ಆಡುತ್ತಾರೆ.

ಬೈದು, ಅವಮಾನ ಮಾಡಿ, ತಲೆ ಬೋಳಿಸಿ ದಾರಿಗೆ ತರುತ್ತೇವೆ ಅನ್ನುವ ಸಿಬ್ಬಂದಿ ಸಿಕ್ಕರೆ ದೂರ ಇಡಿ. ಈ ಪದ್ಧತಿಯ ಬೇರು 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಡೆಡೆರಿಕ್ ವ್ಯಸನಿಗಳಿಗಾಗಿ ಶುರುಮಾಡಿದ ಸಂಸ್ಥೆ ಸಿನಾನಾನ್‌ನಲ್ಲಿದೆ. ವ್ಯಸನಿಗಳೇ ವ್ಯಸನಿಗಳನ್ನು ಮೇಲೆತ್ತಬಹುದು ಅಂತ ತೋರಿಸಿದ್ದೂ ಅದೇ, ನಿಜ. ಆದರೆ ವೃತ್ತಾಕಾರವಾಗಿ ಕೂತು ಒಬ್ಬನ ಮೇಲೆ ಎಲ್ಲರೂ ಕೂಗಾಡುವುದನ್ನು ಚಿಕಿತ್ಸೆ ಅಂದರು. ಕೊನೆಗೆ ಅದೊಂದು ಹಿಂಸೆಯ ಪಂಥವಾಯಿತು. 1978ರಲ್ಲಿ ತಮ್ಮ ವಿರುದ್ಧ ಕೇಸು ಗೆದ್ದ ವಕೀಲನ ಅಂಚೆ ಪೆಟ್ಟಿಗೆಯಲ್ಲಿ ಅವರ ಕಡೆಯವರು ಬುಡುಬುಡಿಕೆ ಹಾವನ್ನೇ ಇಟ್ಟರು, ವಕೀಲನನ್ನು ಅದು ಕಚ್ಚಿತು. ಚಿಕಿತ್ಸೆಯ ವಿಧಾನ ಬದಲಾಗಿದೆ, ಕೂಗಾಡುವ ಅಭ್ಯಾಸ ಮಾತ್ರ ಕೆಲವು ಕಡೆ ಇನ್ನೂ ಉಳಿದಿದೆ.

ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದೂ ನಿಮ್ಮದೇ ತೀರ್ಮಾನ. ಖಾಲಿ ಹಾಸಿಗೆ ಇದ್ದರೆ ಹಣ ಬರುವುದಿಲ್ಲ, ಹಾಗಾಗಿ ಸಿಕ್ಕವರನ್ನೆಲ್ಲ ತುಂಬುವ ಆಸೆಯಾಗುತ್ತದೆ. ಅಮೆರಿಕದ ಒಹಾಯೋ ರಾಜ್ಯದ ಇಂಥ ಕೇಂದ್ರಗಳ ಮೇಲೆ 2002ರಲ್ಲಿ ಬಂದ ಅಧ್ಯಯನ ನೋಡಿ. ಮತ್ತೆ ಅಪರಾಧ ಮಾಡುವ ಅಪಾಯ ಜಾಸ್ತಿ ಇದ್ದವರಿಗೆ ಅಲ್ಲಿ ಲಾಭವಾಗಿತ್ತು, ಅಪಾಯ ಕಡಿಮೆ ಇದ್ದವರು ಅಲ್ಲಿದ್ದು ಹಾಳಾಗಿದ್ದರು. ಕೆಲಸ, ಮನೆ, ಒಳ್ಳೆಯ ಸ್ನೇಹಿತರು ಇದ್ದವನನ್ನು ಅದೆಲ್ಲದರಿಂದ ಕಿತ್ತು ತಂದು, ಪಳಗಿದವರ ಪಕ್ಕ ಮಲಗಿಸಿದರೆ ಇನ್ನೇನಾಗುತ್ತದೆ?

ಒಪ್ಪಿಕೊಳ್ಳುವ ಮುಂಚೆ ಕರೆದವರನ್ನು ಕೆಲವು ಪ್ರಶ್ನೆ ಕೇಳಿ. ಒಬ್ಬನನ್ನು ಹೊರಗೆ ಕಳಿಸುವ ಕೊನೆಯ ತೀರ್ಮಾನ ನಿಮ್ಮದಾ, ಆಡಳಿತ ಮಂಡಳಿಯದಾ? ಹೊರಟ ಮೇಲೆ ಅವನನ್ನು ಹಿಂಬಾಲಿಸಿ ನೋಡಿಕೊಳ್ಳುವವರಿಗೆ ಸಂಬಳ ಬಜೆಟ್‌ನಲ್ಲಿದೆಯಾ? ರಾತ್ರಿ ಎರಡು ಗಂಟೆಗೆ ಕಟ್ಟಡದಲ್ಲಿ ಎಷ್ಟು ಜನ ಎಚ್ಚರವಿರುತ್ತಾರೆ? ಮೆಥಡೋನ್, ಬ್ಯೂಪ್ರೆನಾರ್ಫಿನ್ ತೆಗೆದುಕೊಳ್ಳುವವರನ್ನು ಸೇರಿಸಿಕೊಳ್ಳುತ್ತೀರಾ? ಕೊನೆಯ ಪ್ರಶ್ನೆಗೆ "ಇಲ್ಲ, ಅದು ನಮ್ಮ ತತ್ವವಲ್ಲ" ಅಂತ ಉತ್ತರ ಬಂದು, ಬದಲಾಯಿಸುವ ಅಧಿಕಾರವೂ ನಿಮಗಿಲ್ಲ ಅಂದರೆ, ನಾನಾಗಿದ್ದರೆ ಆ ಕೆಲಸಕ್ಕೆ ಸೇರುತ್ತಿರಲಿಲ್ಲ. ಉಳಿದ ಮೂರರಲ್ಲಿ ಕೊರತೆಯಿದ್ದರೆ ಸೇರಿಕೊಂಡ ಮೇಲೂ ಜಗಳವಾಡಿ ಸರಿಮಾಡಿಸಿಕೊಳ್ಳಬಹುದು.